ದಿನಕ್ಕೆ ಐದು ಪದ



ಜೂನ್ ತಿಂಗಳು ಬಂತೆಂದರೆ ಹೊಸ ಪುಸ್ತಕ, ಹೊಸ ನೋಟುಬುಕ್ಕು. ಅವುಗಳ ಜೊತೆಗೆ ಗೋಡೆಯ ಮೇಲೆ ಒಂದು ಹೊಸ ಟೈಮ್‌ಟೇಬಲ್. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಆರರವರೆಗೆ ಗಣಿತ, ಆಮೇಲೆ ವ್ಯಾಯಾಮ. ಮೂರು ನಾಲ್ಕು ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಐದನೆಯ ದಿನ ಮನೆಗೆ ನೆಂಟರು ಬರುತ್ತಾರೆ, ಆರನೆಯ ದಿನ ನೆಗಡಿಯಾಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಟೈಮ್‌ಟೇಬಲ್ ಗೋಡೆಯ ಮೇಲಷ್ಟೇ ಉಳಿಯುತ್ತದೆ. ಆಗ ನೀವು ಏನೆಂದುಕೊಳ್ಳುತ್ತೀರಿ? "ನನ್ನಿಂದ ಆಗುವುದಿಲ್ಲ, ನನಗೆ ಛಲವಿಲ್ಲ" ಎಂದಲ್ಲವೆ? ಆದರೆ ತಪ್ಪು ನಿಮ್ಮದೋ ಅಥವಾ ಆ ಟೈಮ್‌ಟೇಬಲಿನದೋ? ಇಂದು ಅದನ್ನು ಕುರಿತು ಸ್ವಲ್ಪ ಯೋಚಿಸೋಣ.

ನನ್ನದೇ ಅನುಭವವನ್ನು ಹೇಳುತ್ತೇನೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ದ್ಯುತಿಸಂಶ್ಲೇಷಣೆ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಉಪನ್ಯಾಸಕರು ಫೋಟೋಸಿಂಥೆಸಿಸ್ ಎಂದಾಗ ಯಾವುದೋ ಹೊಸ ಪಾಠವೆಂದು ತಿಳಿದು ಬೆವೆತೆ. ಮೊದಲ ಕಿರುಪರೀಕ್ಷೆಯಲ್ಲಿ ಫೇಲಾದೆ. ಹಟದಿಂದ ಒಂದು ನಿಘಂಟನ್ನು ಕೊಂಡು, ದಿನಕ್ಕೆ ನೂರು ಪದ ಕಲಿಯುತ್ತೇನೆಂದು ಶಪಥ ಮಾಡಿದೆ. ನಾಲ್ಕನೆಯ ದಿನಕ್ಕೆ ಶಪಥ ಮುರಿಯಿತು. ಕಾಲೇಜು ಬಿಟ್ಟು ಊರಿಗೆ ಹೋಗಿಬಿಡೋಣವೆಂದು ಟ್ರಂಕನ್ನೂ ತುಂಬಿದ್ದೆ.

ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ಅದನ್ನು ಕಂಡು ಹೇಳಿದರು: "ನೂರು ಯಾಕೋ? ರಾತ್ರಿ ಊಟ ಮಾಡಿ ತಟ್ಟೆ ತೊಳೆದಿಟ್ಟ ಮೇಲೆ ಐದು ಪದ ಬರಿ. ನಿನ್ನೆಯ ಐದನ್ನು ನೋಡದೆ ಹೇಳು. ಆಮೇಲೆ ಬೇಕಾದರೆ ಮಲಗು."

ಐದೇ ಪದ! ನನಗೆ ನಗು ಬಂತು. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದರಂತೆ ತಿಂಗಳಿಗೆ 150, ಎಂಟು ತಿಂಗಳಿಗೆ 1200. ಆ ವರ್ಷ ನನಗೆ ಮೊದಲ ದರ್ಜೆಯೇನೂ ಬರಲಿಲ್ಲ, ಪಾಸಾದೆ ಅಷ್ಟೆ. ಆದರೆ ಪುಸ್ತಕವನ್ನು ಹೆದರಿಕೆಯಿಲ್ಲದೆ ತೆರೆಯುವಂತಾದೆ. ಐದು ಪದಗಳು ನನ್ನ ಬದಲು ಪರೀಕ್ಷೆ ಬರೆಯಲಿಲ್ಲ, ಓದುವುದಕ್ಕೆ ದಾರಿ ಮಾಡಿಕೊಟ್ಟವು.

ಆ ಹಿರಿಯರು ಹೇಳಿದ್ದು ಬರೀ ಸಮಾಧಾನದ ಮಾತಾಗಿರಲಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ನೆನಪಿನ ಬಗ್ಗೆ ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಪುಸ್ತಕ ಪ್ರಕಟಿಸಿದರು. ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ಬಾಯಿಪಾಠ ಮಾಡುವುದು ಅವರ ಕ್ರಮ. ಒಂದೇ ದಿನ 68 ಸಲ ಓದಿದರೆ ಸಿಗುವ ಲಾಭ, ಮೂರು ದಿನಗಳಿಗೆ ಹಂಚಿ 38 ಸಲ ಓದಿದರೂ ಸಿಗುತ್ತದೆಂದು ಅವರು ಕಂಡುಕೊಂಡರು. ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಗಿಂತ ದಿನದಿನದ ಸ್ವಲ್ಪ ಓದು ಏಕೆ ಮೇಲೆಂಬುದಕ್ಕೆ ಇದಕ್ಕಿಂತ ಉತ್ತರ ಬೇಕೆ?

ಸರಿ, ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು? 21 ದಿನ ಸಾಕೆಂದು ನೀವು ಕೇಳಿರಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿದರು. 96 ಮಂದಿ ತಮಗೆ ಬೇಕಾದ ಒಂದೊಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನವೂ ಒಂದು ನಿಶ್ಚಿತ ಸಂದರ್ಭದಲ್ಲಿ 12 ವಾರ ಮಾಡಿದರು. ಊಟದ ಜೊತೆ ಹಣ್ಣು ತಿನ್ನುವುದೂ ಅಂಥ ಒಂದು ಕೆಲಸ. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾದೀತು. ಆದ್ದರಿಂದ ಗೆಳೆಯನಿಗೆ ಬೇಗ ಬಂತು, ನನಗೆ ಬರಲಿಲ್ಲವೆಂದು ಕೊರಗಬೇಡಿ. ಇನ್ನೊಂದು ಮುಖ್ಯ ಸಂಗತಿಯೂ ಅಲ್ಲಿ ತಿಳಿದುಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲ. ನೆಂಟರು ಬಂದ ದಿನ ನಮ್ಮ ಟೈಮ್‌ಟೇಬಲ್ ಸತ್ತಿರಲಿಲ್ಲ. ಮಾರನೆಯ ದಿನ ನಾವೇ ಅದನ್ನು ಕೈಬಿಟ್ಟೆವು.

ಹಾಗಾದರೆ ಹೇಗೆ ಆರಂಭಿಸಬೇಕು? ಮೊದಲು ನಿಮ್ಮ ಗುರಿಯೊಳಗಿನ ಒಂದೇ ಒಂದು ಸಣ್ಣ ಕೆಲಸವನ್ನು ಆರಿಸಿಕೊಳ್ಳಿ. ಅದು ಒಂದು ಲೆಕ್ಕವಾಗಬಹುದು, ಒಂದು ಪುಟ ಓದಾಗಬಹುದು, ಸಂಗೀತ ಕಲಿಯುವವರಿಗೆ ಹತ್ತು ನಿಮಿಷದ ಸರಳೆಯಾಗಬಹುದು. ಜ್ವರ ಬಂದು ಬಿಟ್ಟ ದಿನವೂ, ಜಾತ್ರೆಗೆ ಹೋಗಿ ಬಂದ ದಿನವೂ ಮಾಡುವಷ್ಟು ಅದು ಚಿಕ್ಕದಿರಲಿ. ಹೆಚ್ಚು ಓದುವ ಮನಸ್ಸಿದ್ದರೆ ಧಾರಾಳವಾಗಿ ಓದಿ, ಆದರೆ ಕಟ್ಟಳೆ ಅಷ್ಟೇ ಇರಲಿ. ಎರಡನೆಯದಾಗಿ, ಈಗಾಗಲೇ ತಪ್ಪದೆ ಮಾಡುವ ಕೆಲಸವೊಂದರ ಹಿಂದೆ ಅದನ್ನು ಕಟ್ಟಿ. "ಸಮಯ ಸಿಕ್ಕಾಗ" ಎಂದರೆ ಸಮಯ ಸಿಗುವುದೇ ಇಲ್ಲ. ಸಂಜೆ ಕಾಫಿ ಕುಡಿದು ಲೋಟ ಇಟ್ಟ ಮೇಲೆ ಎಂದರೆ ಲೋಟವೇ ನೆನಪಿಸುತ್ತದೆ. ಮೂರನೆಯದಾಗಿ, ಮಾಡಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ತಪ್ಪಿದ ದಿನ ಖಾಲಿ ಇರಲಿ. ಮರುದಿನ ಅದರ ಬಾಕಿಯನ್ನೂ ಸೇರಿಸಿ ಹತ್ತು ಪದ ಹೊರಿಸಿಕೊಳ್ಳಬೇಡಿ. ಬಾಕಿ ಬೆಳೆದರೆ ಸಾಲಗಾರನಂತೆ ಪುಸ್ತಕದಿಂದ ಮುಖ ಮರೆಸಿಕೊಳ್ಳಬೇಕಾಗುತ್ತದೆ. ಮತ್ತೆ ಐದರಿಂದಲೇ ಶುರುಮಾಡಿ.

ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹಳ್ಳ ತುಂಬುವುದನ್ನು ಕಾಯುತ್ತ ಕೂಡುವುದು ಬೇಡ, ಇಂದಿನ ಹನಿ ಬಿದ್ದಿತೇ ಎಂದಷ್ಟೇ ನೋಡಿಕೊಳ್ಳೋಣ. ಇಂದು ರಾತ್ರಿ ಊಟವಾದ ಮೇಲೆ ತಟ್ಟೆ ತೊಳೆದಿಡಿ. ಆಮೇಲೆ ಏನು ಮಾಡುತ್ತೀರೆಂಬುದನ್ನು ಈಗಲೇ, ಒಂದು ಚೀಟಿಯಲ್ಲಿ, ಒಂದೇ ಸಾಲಿನಲ್ಲಿ ಬರೆದಿಡಿ. ನಿಮಗೆಲ್ಲ ಒಳ್ಳೆಯದಾಗಲಿ.