ತಲೆ ತಗ್ಗಿಸಬೇಕಾದವರು ಯಾರು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಗಂಡನ ಹೊಡೆತ, ಕುಡಿತ, ಇವುಗಳ ಬಗ್ಗೆ ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಗೋಡೆಯ ಬಗ್ಗೆ. ಬಸ್ ಸ್ಟ್ಯಾಂಡಿನ ಕಾಂಪೌಂಡ್ ಗೋಡೆ, ಶಾಲೆಗೆ ಹೋಗುವ ದಾರಿಯ ಗೋಡೆ. ಆ ಗೋಡೆಗಳ ಮೇಲೆ ಏನಿದೆ ಎಂದು ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾವು ನೋಡುವುದಿಲ್ಲ. ಆದರೆ ನಮ್ಮ ಕೈ ಹಿಡಿದು ನಡೆಯುವ ಮಗು ನೋಡುತ್ತದೆ.

ಈಚೆಗೆ ನನ್ನ ಮಗಳು ಊರಿಗೆ ಬಂದಿದ್ದಳು, ಜೊತೆಗೆ ಎಂಟು ವರ್ಷದ ಮೊಮ್ಮಗಳು. ಮೂವರೂ ಬಸ್ ಇಳಿದು ನಡೆಯುತ್ತಿದ್ದೆವು. ಗೋಡೆಯ ಉದ್ದಕ್ಕೂ ಒಂದೇ ಸಿನಿಮಾದ ಪೋಸ್ಟರುಗಳು. ಹೆಂಗಸಿನ ಮುಖ ಸಣ್ಣದು, ಮೈ ದೊಡ್ಡದು. ಮೊಮ್ಮಗಳು ನಿಂತು ನೋಡಿದಳು. ನಾನು ಯೋಚಿಸಲೂ ಇಲ್ಲ, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ: "ಅಲ್ಲೆಲ್ಲ ನೋಡಬಾರದು ಪುಟ್ಟಿ, ತಲೆ ತಗ್ಗಿಸಿಕೊಂಡು ಬಾ."

ಮಗಳು ಅಲ್ಲೇ ನಿಂತುಬಿಟ್ಟಳು. "ಅಮ್ಮಾ, ನನಗೂ ನೀನು ಹಿಂಗೇ ಹೇಳ್ತಿದ್ದೆ" ಎಂದಳು.

ಆ ರಾತ್ರಿ ಅವಳು ಹೇಳಿದ ಸಂಗತಿ ನನಗೆ ಇಪ್ಪತ್ತೈದು ವರ್ಷಕ್ಕೂ ಮೇಲೆ ಗೊತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅವಳು ಗ್ರಂಥಾಲಯಕ್ಕೆ ಹೋಗುವುದನ್ನು ಏಕಾಏಕಿ ಬಿಟ್ಟಿದ್ದಳು. ಓದಿನಲ್ಲಿ ಆಸಕ್ತಿ ಹೋಯಿತು ಎಂದು ನಾನು ಬೈದಿದ್ದೆ. ನಿಜ ಏನೆಂದರೆ, ದಾರಿಯಲ್ಲಿ ಪೋಸ್ಟರ್ ಗೋಡೆಯ ಹತ್ತಿರ ನಾಲ್ಕು ಜನ ಹುಡುಗರು ನಿಲ್ಲುತ್ತಿದ್ದರು. ಗೋಡೆಯ ಮೇಲಿನ ಹೆಂಗಸಿನ ಮೈಗೂ ಹಾದುಹೋಗುವ ಹುಡುಗಿಯರ ಮೈಗೂ ಹೋಲಿಸಿ ಮಾತಾಡುತ್ತಿದ್ದರು. "ನಾನು ನೀನು ಹೇಳಿದ ಹಾಗೆ ತಲೆ ತಗ್ಗಿಸಿಕೊಂಡೇ ಹೋಗ್ತಿದ್ದೆ ಅಮ್ಮ. ಆಮೇಲಾಮೇಲೆ ತಪ್ಪು ಮಾಡಿದವಳು ನಾನೇ ಅನ್ನಿಸೋಕೆ ಶುರುವಾಯ್ತು" ಎಂದಳು.

ಅದೇ ವರ್ಷಗಳಲ್ಲಿ ನಾನು ಕಾಲೇಜಿನಲ್ಲಿ ಹುಡುಗಿಯರಿಗೆ ಸ್ತ್ರೀ ವಿಮೋಚನೆಯ ಪಾಠ ಹೇಳುತ್ತಿದ್ದೆ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಹೆಣ್ಣು ಸರಕಲ್ಲ ಎಂದು ಕೂಗಿದವರಲ್ಲಿ ನಾನೂ ಒಬ್ಬಳು. ವಿದ್ಯಾರ್ಥಿನಿಯರ ಜೊತೆ ಹೋಗಿ ಪೋಸ್ಟರುಗಳಿಗೆ ಡಾಂಬರು ಬಳಿದದ್ದೂ ಉಂಟು. ಆದರೆ ಮನೆಯಲ್ಲಿದ್ದ ಮಗಳನ್ನು "ಆ ದಾರಿಯಲ್ಲಿ ನಿನಗೇನಾಗುತ್ತದೆ?" ಎಂದು ಒಂದು ದಿನ ಕೇಳಲಿಲ್ಲ. ಈ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೆಂದೇ ಬಂದಿದ್ದೇನೆ.

ಸೋದರಿಯರೇ, ನೀವೇ ಒಂದು ದಿನ ಊರಿನಲ್ಲಿ ಸುತ್ತಿ ನೋಡಿ. ಐದು ವರ್ಷದ ಗಂಡುಮಗು ಕೂದಲು ಕತ್ತರಿಸಿಕೊಳ್ಳಲು ಕೂರುವ ಅಂಗಡಿಯಲ್ಲಿ ಎದುರಿಗೇ ಅರೆಬೆತ್ತಲೆ ಕ್ಯಾಲೆಂಡರ್. ಬೀಡಾ ಅಂಗಡಿಯಲ್ಲಿ ಚಾಕೊಲೇಟ್ ಡಬ್ಬಿಯ ಮೇಲೇ ನೇತುಹಾಕಿದ ಪುಸ್ತಕ. ಶೌಚಾಲಯದ ಗೋಡೆಯ ಮೇಲೆ ಗುಪ್ತರೋಗದ ವೈದ್ಯರ ಚೀಟಿ. ಜಾತ್ರೆಯಲ್ಲಿ ರಾತ್ರಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಡೆಸುವ ರೆಕಾರ್ಡ್ ಡ್ಯಾನ್ಸ್. ಈಗ ದೊಡ್ಡ ಊರುಗಳ ವೃತ್ತಗಳಲ್ಲಿ ಹಗಲೂ ರಾತ್ರಿ ಮಿನುಗುವ ಎಲ್‌ಇಡಿ ಫಲಕಗಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಎಷ್ಟೊಂದು ಓಡಾಡುತ್ತಿದ್ದೇವೆ! ಬಸ್ ಸ್ಟ್ಯಾಂಡು ಈಗ ನಮ್ಮದೂ ಹೌದು. ಅದರ ಗೋಡೆ ಯಾರದು?

"ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ಇನ್ನು ಗೋಡೆ ಕಟ್ಟಿಕೊಂಡು ಏನು?" ಎಂದು ಕೇಳುವವರಿದ್ದಾರೆ. ಮೊಬೈಲಿನ ಅಪಾಯ ದೊಡ್ಡದೇ. ಆದರೆ ಅದನ್ನು ನೋಡುವ ಹುಡುಗನಿಗೆ ತಾನು ಕದ್ದು ನೋಡುತ್ತಿದ್ದೇನೆ ಎಂಬ ಅಳುಕಾದರೂ ಇರುತ್ತದೆ. ಗೋಡೆಯ ಮೇಲಿನ ಚಿತ್ರವನ್ನು ಮೇಷ್ಟ್ರೂ ನೋಡುತ್ತಾರೆ, ಪೊಲೀಸರೂ ನೋಡುತ್ತಾರೆ, ಅಪ್ಪನೂ ನೋಡುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಹೆಣ್ಣೆಂದರೆ ಇಷ್ಟೇ, ಇದಕ್ಕೆ ಊರೇ ಒಪ್ಪಿದೆ ಎಂದು ಮಗು ಕಲಿಯುತ್ತದೆ.

ಹೀಗೆ ಕಲಿತ ಕಣ್ಣು ಮುಂದೆ ಎಲ್ಲಿಗೆ ಹೋಗುತ್ತದೆ? ಹೆಣ್ಣು ನೋಡುವ ಶಾಸ್ತ್ರಕ್ಕೆ ಬರುತ್ತದೆ. ಬಣ್ಣ ಹೇಗಿದೆ, ಎತ್ತರ ಎಷ್ಟು, ಮೈಕಟ್ಟು ಹೇಗೆ ಎಂದು ಅಳೆಯುತ್ತದೆ. "ಬಣ್ಣ ಸ್ವಲ್ಪ ಕಮ್ಮಿ, ಇನ್ನೂ ಐವತ್ತು ಗ್ರಾಂ ಚಿನ್ನ ಹಾಕಿ" ಎನ್ನುತ್ತದೆ. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದರೂ ಈ ಚೌಕಾಸಿ ನಿಂತಿಲ್ಲ. ಹೆಣ್ಣನ್ನು ಸರಕೆಂದು ನೋಡಲು ಕಲಿತ ಮೇಲೆ ಬೆಲೆ ಕಟ್ಟುವುದು, ಇಷ್ಟವಾಗದಿದ್ದರೆ ಎತ್ತಿ ಬಿಸಾಡುವುದು, ಎಲ್ಲ ಅದರ ಹಿಂದೆಯೇ ಬರುತ್ತದೆ. ಹೆಣ್ಣುಮಗುವೂ ಇದನ್ನೇ ಕಲಿಯುತ್ತದೆ: ತಾನು ನೋಡುವವಳಲ್ಲ, ನೋಡಿಸಿಕೊಳ್ಳುವವಳು ಎಂದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಹೋರಾಟ ಹೆಣ್ಣಿನ ಮೈಯ ವಿರುದ್ಧ ಅಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಹೊಡೆದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದರು. ನಾವು ಆ ಸಾಲಿಗೆ ಸೇರಿದವರಲ್ಲ. ಪೋಸ್ಟರಿನಲ್ಲಿರುವ ಹೆಣ್ಣುಮಗಳನ್ನು ಬೈಯಬೇಡಿ, ಅವಳೂ ಹೊಟ್ಟೆಪಾಡಿಗೆ ದುಡಿಯುವವಳು. ಮಗಳ ಬಟ್ಟೆಯ ಉದ್ದ ಅಳೆಯಬೇಡಿ. ಒಮ್ಮೆ ಒಬ್ಬ ಹಿರಿಯರು ಸ್ಯಾನಿಟರಿ ಪ್ಯಾಡಿನ ಜಾಹೀರಾತು ತೆಗೆಸಿ ಎಂದು ನನ್ನ ಬಳಿ ಬಂದರು. ಪಕ್ಕದ ಅಂಗಡಿಯ ಮದ್ಯದ ಕ್ಯಾಲೆಂಡರ್ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮುಟ್ಟಿನ ವಿಷಯ, ಎದೆಹಾಲಿನ ವಿಷಯ, ಕುಟುಂಬ ಯೋಜನೆಯ ವಿಷಯ ಮಕ್ಕಳಿಗೆ ತಿಳಿಯಬೇಕಾದ ವಿಷಯಗಳು. ಅವು ಅಸಭ್ಯವಲ್ಲ.

"ಹಾಗಾದರೆ ಬೇಲೂರಿನ ಶಿಲಾಬಾಲಿಕೆಯರು?" ಎಂದು ವಾದ ಮಾಡುವವರೂ ಉಂಟು. ಮಕ್ಕಳನ್ನು ಧಾರಾಳವಾಗಿ ಬೇಲೂರಿಗೆ ಕರೆದುಕೊಂಡು ಹೋಗಿ. ದರ್ಪಣಸುಂದರಿ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ಅವಳು ಟೈರನ್ನೋ ಸೋಡಾವನ್ನೋ ಮಾರುತ್ತಿಲ್ಲ. ಕಾನೂನು ಕೂಡ ಪ್ರಾಚೀನ ಸ್ಮಾರಕ, ದೇವಾಲಯಗಳ ಶಿಲ್ಪಕ್ಕೆ ವಿನಾಯಿತಿ ಕೊಟ್ಟಿದೆ.

ಯಾವ ಕಾನೂನು? ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆ, 1986. ಹೆಣ್ಣಿನ ಆಕಾರವನ್ನು, ಮೈಯನ್ನು ಅಸಭ್ಯವಾಗಿ ಅಥವಾ ಹೀನಾಯವಾಗಿ ತೋರಿಸುವ ಜಾಹೀರಾತು ಅಪರಾಧ. ಬೆಳಕಿನಿಂದ ತೋರಿಸುವ ಜಾಹೀರಾತೂ ಇದರಲ್ಲಿ ಸೇರುತ್ತದೆ, ಅಂದರೆ ಎಲ್‌ಇಡಿ ಫಲಕವೂ ಹೊರತಲ್ಲ. ಮೊದಲ ಸಲ ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ. ಇದು ಸಂಜ್ಞೇಯ ಅಪರಾಧ; ಪೊಲೀಸರು ದೂರು ಪಡೆದು ತಾವೇ ಕ್ರಮ ಕೈಗೊಳ್ಳಬಹುದು. ಅಶ್ಲೀಲ ವಸ್ತುವನ್ನು ಮಗುವಿಗೆ ಮಾರುವುದು, ತೋರಿಸುವುದು ಭಾರತೀಯ ನ್ಯಾಯ ಸಂಹಿತೆಯ 295ನೇ ಕಲಮಿನಲ್ಲಿ ಶಿಕ್ಷಾರ್ಹ. ಯಾರಾದರೂ ಮಗುವಿಗೆ ಕೆಟ್ಟ ಉದ್ದೇಶದಿಂದ ಇಂಥ ಚಿತ್ರ ತೋರಿಸಿದರೆ ಅದು 2012ರ ಪೋಕ್ಸೋ ಕಾಯ್ದೆಯ 11ನೇ ಕಲಮಿನ ಪ್ರಕಾರ ಲೈಂಗಿಕ ಕಿರುಕುಳ. 1098ಕ್ಕೆ ಫೋನ್ ಮಾಡಿ.

ಕಾನೂನಿಗೂ ಮಿತಿ ಇದೆ. ಪತ್ರಿಕೆಗಳಲ್ಲಿನ ಇಂಥ ಚಿತ್ರಗಳಿಂದ ಮಕ್ಕಳನ್ನು ರಕ್ಷಿಸಬೇಕೆಂಬ ಅರ್ಜಿಯೊಂದನ್ನು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಮಕ್ಕಳಿಗಾಗಿ ದೊಡ್ಡವರ ಓದನ್ನೆಲ್ಲ ನಿಷೇಧಿಸಲಾಗದು, ಇರುವ ಕಾನೂನುಗಳು ಸಾಕು ಎಂಬುದು ಅದರ ನಿಲುವು. ನಾನು ಇದನ್ನು ಗೌರವಿಸುತ್ತೇನೆ. ಆದರೆ ಪತ್ರಿಕೆಯನ್ನು ನಾವು ದುಡ್ಡು ಕೊಟ್ಟು ತರುತ್ತೇವೆ, ಬೇಡವಾದರೆ ಮಡಿಸಿಡುತ್ತೇವೆ. ಬಸ್ ಸ್ಟ್ಯಾಂಡಿನ ಗೋಡೆಯನ್ನು ಯಾವ ಮಗು ಮಡಿಸಿಡಲು ಸಾಧ್ಯ?

ಇನ್ನು ನಾವು ಮಾಡಬಹುದಾದದ್ದು. ಮೊದಲನೆಯದಾಗಿ, ಡಾಂಬರು ಬೇಡ. ನಾವು ಬಳಿದ ಗೋಡೆಯ ಮೇಲೆ ಮರುದಿನವೇ ಹೊಸ ಪೋಸ್ಟರ್ ಬಂದಿತ್ತು. ಬದಲಿಗೆ ಸಂಘದಿಂದ ನಾಲ್ಕು ಜನ ಹೋಗಿ ಯಾವ ಜಾಗ, ಯಾವ ಚಿತ್ರ, ಯಾವ ದಿನಾಂಕ ಎಂದು ಪಟ್ಟಿ ಮಾಡಿ, ಫೋಟೋ ತೆಗೆದುಕೊಳ್ಳಿ. ಎರಡನೆಯದು, ಅಂಗಡಿಯವರ ಹತ್ತಿರ ಮೊದಲು ಮರ್ಯಾದೆಯಿಂದ ಮಾತಾಡಿ. ನಾವು ಗಿರಾಕಿಗಳು, ಕ್ಯಾಲೆಂಡರ್ ಬದಲಾಯಿಸಲು ಅವರಿಗೆ ಖರ್ಚೇನೂ ಇಲ್ಲ. ಮೂರನೆಯದು, ಬಸ್ ಸ್ಟ್ಯಾಂಡಿನದಾದರೆ ಸಾರಿಗೆ ಸಂಸ್ಥೆಯ ಅಧಿಕಾರಿಗೆ, ರಸ್ತೆಯದಾದರೆ ಪಂಚಾಯಿತಿಗೆ ಅಥವಾ ಪುರಸಭೆಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡಿ. ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳದೆ ವಾಪಸು ಬರಬೇಡಿ. ಅದಕ್ಕೂ ಜಗ್ಗದಿದ್ದರೆ ಪೊಲೀಸ್ ಠಾಣೆ ಇದೆ. ಒಬ್ಬಳು ಹೋದರೆ ಕೂರಿಸಿ ಕಳಿಸುತ್ತಾರೆ, ಹದಿನೈದು ಜನ ಹೋದರೆ ಬರೆದುಕೊಳ್ಳುತ್ತಾರೆ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಮಕ್ಕಳನ್ನು ಕೇಳಿ. ಹೆಣ್ಣುಮಗುವನ್ನೂ ಕೇಳಿ, ಗಂಡುಮಗುವನ್ನೂ ಕೇಳಿ: "ಅದನ್ನು ನೋಡಿದಾಗ ನಿನಗೇನನ್ನಿಸಿತು? ಅಲ್ಲಿ ಯಾರಾದರೂ ಏನಾದರೂ ಅಂದರಾ?" ಬೈಯದೆ, ಬಾಯಿ ಮುಚ್ಚಿಸದೆ ಕೇಳಿಸಿಕೊಳ್ಳಿ. ಮಕ್ಕಳ ಗ್ರಾಮಸಭೆ ನಡೆದಾಗ ಅವರೇ ಎದ್ದು ಹೇಳುವ ಹಾಗೆ ಧೈರ್ಯ ತುಂಬಿ.

ಮರುದಿನ ಅದೇ ದಾರಿಯಲ್ಲಿ ನಾನು ಮೊಮ್ಮಗಳ ಜೊತೆ ಹೋದೆ. ಪೋಸ್ಟರಿನ ಎದುರು ನಿಂತೆವು. "ಇದನ್ನು ಯಾಕೆ ಇಲ್ಲಿ ಹಾಕಿದಾರೆ ಅಜ್ಜಿ?" ಎಂದು ಕೇಳಿದಳು. "ಹಾಕಬಾರದಿತ್ತು ಪುಟ್ಟಿ, ಹಾಕಿದವರದು ತಪ್ಪು. ತೆಗೀರಿ ಅಂತ ಅರ್ಜಿ ಬರೆಯೋಣ" ಎಂದೆ. ಅರ್ಜಿಯ ಕೆಳಗೆ ನನ್ನ, ನನ್ನ ಮಗಳ ಸಹಿಯ ಜೊತೆ ಅವಳ ವಕ್ರ ಅಕ್ಷರದ ಹೆಸರೂ ಇದೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಅರ್ಜಿ ಬರೆದಿಟ್ಟಿದ್ದೇನೆ.

ನಿಮ್ಮ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಡವಳಿ ಪುಸ್ತಕದಲ್ಲಿ ಈ ವಿಷಯಕ್ಕೂ ಒಂದು ಸಾಲು ಇಡಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಹೆಣ್ಣುಮಕ್ಕಳು ತಲೆ ಎತ್ತಿ ನಡೆಯಲಿ.