ಬೀಗದ ಒಳಗುಟ್ಟು
(ಎಗೈಲಾದಲ್ಲಿ ಸಂಸ್ಥಾಪನಾ ದಿನಾಚರಣೆಯಂದು ಮಾಡಿದ ಭಾಷಣ)



ಮೈಸೂರಿನವರು ಬೀಗ ಎನ್ನುತ್ತಾರೆ, ಧಾರವಾಡದವರು ಕೀಲಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಅದನ್ನು ಬೀಗದ ಕೈ ಇಲ್ಲದೆ ತೆರೆಯುವುದೂ ಒಂದು ಹವ್ಯಾಸ ಎಂದರೆ ನಮ್ಮ ತಾಯಂದಿರು ಹುಬ್ಬೇರಿಸುತ್ತಾರೆ. “ಮಕ್ಕಳಿಗೆ ಕಳ್ಳರ ವಿದ್ಯೆ ಕಲಿಸುತ್ತೀರಾ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

ಮೊದಲು ಬೀಗದೊಳಗೆ ಇಣುಕೋಣ. ನಮ್ಮ ಫ್ಲ್ಯಾಟುಗಳ ಬಾಗಿಲಲ್ಲಿರುವಂಥ ಬೀಗಕ್ಕೆ 1860ರ ದಶಕದಲ್ಲಿ ಇಂದಿನ ರೂಪ ಕೊಟ್ಟವನು ಅಮೆರಿಕದ ಲೈನಸ್ ಯೇಲ್. ಮೂಲ ಕಲ್ಪನೆ ಪ್ರಾಚೀನ ಈಜಿಪ್ಟಿನ ಮರದ ಬೀಗದ್ದು. ಒಳಗೆ ತಿರುಗುವ ಒಂದು ಉರುಳೆ, ಅದನ್ನು ತಡೆದು ಹಿಡಿದ ಐದಾರು ಪುಟ್ಟ ಪಿನ್ನುಗಳು, ಪ್ರತಿಯೊಂದರ ಮೇಲೂ ಸ್ಪ್ರಿಂಗು. ಒಂದೊಂದು ಪಿನ್ನೂ ಎರಡು ತುಂಡು. ಬೀಗದ ಕೈಯ ಹಲ್ಲುಗಳು ಅವನ್ನು ತಕ್ಕಷ್ಟೇ ಎತ್ತಿದಾಗ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಉರುಳೆ ತಿರುಗುತ್ತದೆ.

ಆದರೆ ಯಾವ ಕಾರ್ಖಾನೆಯೂ ರಂಧ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೊರೆಯಲಾರದು. ಆದ್ದರಿಂದ ಬಾಗಿದ ತಂತಿಯಿಂದ ಉರುಳೆಯನ್ನು ಹಗುರವಾಗಿ ತಿರುವಿ ಹಿಡಿದರೆ ಪಿನ್ನುಗಳು ಒಂದಾದ ಮೇಲೊಂದು ಬಿಗಿಯುತ್ತವೆ. ಬಿಗಿದದ್ದನ್ನು ಇನ್ನೊಂದು ಕಡ್ಡಿಯಿಂದ ಹುಡುಕಿ ಎತ್ತಬೇಕು. ‘ಟಿಕ್’ ಎಂದು ಕೂತರೆ ಮುಂದಿನದು. ಇಲ್ಲಿ ಬೆರಳೇ ಕಣ್ಣು. ಬಲ ಹೆಚ್ಚಾದರೆ ಕೆಲಸ ಕೆಟ್ಟಿತು. ಹೊಸಬರು ಎರಡು ಮೂರು ಪಿನ್ನಿನ, ಒಳಗು ಕಾಣುವ ಪಾರದರ್ಶಕ ಬೀಗದಿಂದ ಆರಂಭಿಸುವುದು ಒಳ್ಳೆಯದು. ಜುಲೈ ಬಿಸಿಲಿಗೆ ಹೊರಗೆ ಕಾಲಿಡಲಾಗದ ಇಲ್ಲಿನ ಮಕ್ಕಳಿಗೆ ತಾಳ್ಮೆ ಕಲಿಸಲು ಇಷ್ಟು ಅಗ್ಗದ ಗುರು ಸಿಗುವುದು ಕಷ್ಟ.

ಈಗ ಕಳ್ಳರ ಮಾತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಕಾಲಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಹೆಸರುವಾಸಿಯಾದ ಚಬ್ ಬೀಗವನ್ನು ಸಾಕ್ಷಿಗಳೆದುರು ಅರ್ಧ ಗಂಟೆಯೊಳಗೆ ತೆರೆದ. ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಹಂಚಿ ಸುಮಾರು 51 ಗಂಟೆ ಹಿಡಿಯಿತು; ಅದಕ್ಕೆಂದೇ ಇಟ್ಟಿದ್ದ 200 ಗಿನಿ ಬಹುಮಾನವೂ ಅವನದಾಯಿತು. ಕಳ್ಳರಿಗೆ ದಾರಿ ತೋರಿದನೆಂಬ ಆಕ್ಷೇಪವೂ ಎದ್ದಿತು. ಆದರೆ ತಯಾರಕರು ಎಚ್ಚೆತ್ತು ಬೀಗಗಳನ್ನು ಸುಧಾರಿಸಿದರು. ಅಲ್ಲದೆ ಕಳ್ಳನಿಗೆ ಇಷ್ಟು ತಾಳ್ಮೆ ಎಲ್ಲಿಯದು? ಅವನು ಚಿಲಕವನ್ನೇ ಮೀಟುತ್ತಾನೆ.

ಊರಿನಲ್ಲಿ ಸಾಲ ಮಾಡಿ ಕಟ್ಟಿಸಿದ ನಮ್ಮ ಮನೆ ವರ್ಷಕ್ಕೆ ಹನ್ನೊಂದು ತಿಂಗಳು ಬೀಗವನ್ನೇ ನಂಬಿ ನಿಂತಿರುತ್ತದೆ. 1990ರ ಆಗಸ್ಟ್ 2ರ ಬಳಿಕ ಇಲ್ಲಿನ ಮನೆಗೆ ಬೀಗ ಹಾಕಿ ಊರಿಗೆ ಹೊರಟ ಹಿರಿಯರಿಗೆ ಬೀಗದ ಕೈಯ ಬೆಲೆ ಹೇಳಿಕೊಡಬೇಕಾಗಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು? ಬೀಗದ ಒಳಗು ಬಲ್ಲವನು ಅದರ ಹೊಳಪು ನೋಡಿ ಕೊಳ್ಳುವುದಿಲ್ಲ. ಚಿಲಕ, ಚೌಕಟ್ಟು, ತಿರುಪುಗಳನ್ನೂ ಪರೀಕ್ಷಿಸುತ್ತಾನೆ.

ಮಕ್ಕಳೇ, ಮೂರು ಕಟ್ಟಳೆ ನೆನಪಿಡಿ. ನಿಮ್ಮದಲ್ಲದ ಬೀಗ ಮುಟ್ಟಬೇಡಿ. ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗ ಮುಟ್ಟಬೇಡಿ. ಕೆಟ್ಟರೆ ಮನೆಮಂದಿಯೆಲ್ಲ ಹೊರಗೆ! ಸಲಕರಣೆ ಮನೆಯಲ್ಲೇ ಇರಲಿ, ಜೇಬಿನಲ್ಲಿ ಬೇಡ. ನಾವು ಪರದೇಶದಲ್ಲಿದ್ದೇವೆ, ತರಿಸುವ ಮೊದಲು ಇಲ್ಲಿನ ಕಾನೂನು ವಿಚಾರಿಸಬೇಕು. ತೆರೆಯಲು ಬಂದರೂ ಪರರ ಬಾಗಿಲು ಮುಟ್ಟದವನೇ ಈ ವಿದ್ಯೆಗೆ ಯೋಗ್ಯ.

ಸಿರಿಗನ್ನಡಂ ಗೆಲ್ಗೆ!