ಹೆಪ್ಪುಗಟ್ಟಿಸಿದ ಮೀನಿಗೊಂದು ತೆಳು ಕವಚ

ಕಲ್ಲಿನಂತೆ ಹೆಪ್ಪುಗಟ್ಟಿಸಿದ ಮೀನು ಎಷ್ಟು ಕಾಲವಾದರೂ ಕೆಡದೆಂದು ಬಹುಮಂದಿಯ ನಂಬಿಕೆ. ಇದು ಅರ್ಧ ಮಾತ್ರ ನಿಜ. ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಗಾಳಿ ಮಾತ್ರ ಸುಮ್ಮನಿರುವುದಿಲ್ಲ. ಶೀತಲಗೃಹದ ಒಣಗಾಳಿಗೆ ಮೀನಿನೊಳಗಿನ ಮಂಜು ಕರಗದೆಯೇ ಆವಿಯಾಗಿ ಹೋಗುತ್ತದೆ. ಮೀನಿನ ಮೈ ಅಲ್ಲಲ್ಲಿ ಬಿಳಿಚಿಕೊಂಡು ಬೆಂಡಾಗುತ್ತದೆ. ಕೊಬ್ಬಿನ ಗತಿ ಇನ್ನೂ ಕಷ್ಟ. ಬಂಗುಡೆ, ಬೂತಾಯಿಗಳ ಎಣ್ಣೆ ಆಮ್ಲಜನಕದೊಡನೆ ಸೇರಿ ಕಮಟುತ್ತದೆ. ಎಷ್ಟು ಹುಣಿಸೆ ಕಿವುಚಿದರೂ ಆ ಕಮಟು ಹೋಗದೆಂಬುದನ್ನು ಕರಾವಳಿಯ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಹಳೆಯ ಉಪಾಯವೆಂದರೆ ಮೀನಿಗೆ ಮಂಜಿನ ಅಂಗಿ ತೊಡಿಸುವುದು. ಹೆಪ್ಪುಗಟ್ಟಿದ ಮೀನನ್ನು ಐಸಿನಷ್ಟು ತಣ್ಣಗಿನ ನೀರಿನಲ್ಲಿ ಅದ್ದಿ ಥಟ್ಟನೆ ತೆಗೆದರೆ, ಮೀನಿನ ಚಳಿಗೇ ಸುತ್ತಲೂ ತೆಳ್ಳಗೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತದೆ. ಒಣಗಾಳಿ ಮೊದಲು ಈ ಪದರವನ್ನು ತಿಂದು, ಆಮೇಲಷ್ಟೇ ಮೀನಿಗೆ ಬಾಯಿ ಹಾಕಬೇಕು. ಆದರೆ ಈ ಪದರ ಬಿರುಕು ಬಿಡುತ್ತದೆ, ದಿನ ಕಳೆದಂತೆ ಸವೆಯುತ್ತದೆ. ತೂಕದ ಆಸೆಗೆ ಅದನ್ನು ದಪ್ಪ ಮಾಡುವವರೂ ಉಂಟು. ಆಗ ಕೊಳ್ಳುವವರು ಮೀನಿನ ಬೆಲೆಗೆ ನೀರು ಕೊಂಡಂತಾಯಿತು!

ಇದಕ್ಕಿಂತ ಗಟ್ಟಿಯಾದ ಹೊದಿಕೆಯನ್ನು ನಾವು ಎಸೆಯುವ ಕಸದಿಂದಲೇ ಪಡೆಯಬಹುದು. ಸಿಗಡಿಯ ತಲೆ ಮತ್ತು ಚಿಪ್ಪು ಅದರ ತೂಕದ ಅರ್ಧಕ್ಕೆ ಹತ್ತಿರವಾಗುತ್ತವೆ. ಚಿಪ್ಪಿನಲ್ಲಿ ಕೈಟಿನ್ ಎಂಬ ನಾರಿನಂಥ ವಸ್ತುವಿದೆ. 1811ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಇದನ್ನು ಮೊದಲು ಕಂಡದ್ದು ಅಣಬೆಯಲ್ಲಿ. ಚಿಪ್ಪಿನ ಸುಣ್ಣವನ್ನು ಆಮ್ಲದಿಂದಲೂ ಸಸಾರಜನಕವನ್ನು ಕಾಸ್ಟಿಕ್ ಸೋಡಾದಿಂದಲೂ ಕಳೆದು, ಉಳಿದುದನ್ನು ಮತ್ತೆ ಪ್ರಬಲವಾದ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್ ಆಗುತ್ತದೆ. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದರ ತಯಾರಿಕೆಯಲ್ಲಿ ಬಹಳ ಕೆಲಸ ಮಾಡಿದೆ. ಕೈಟೋಸಾನ್ ಬರಿಯ ನೀರಿನಲ್ಲಿ ಕರಗದು. ವಿನಿಗರಿನ ಹುಳಿಯಾದ ಅಸಿಟಿಕ್ ಆಮ್ಲವನ್ನು ತುಸು ಬೆರೆಸಿದ ನೀರಿನಲ್ಲಿ ಕರಗುತ್ತದೆ. ಆ ದ್ರಾವಣದಲ್ಲಿ ಮೀನನ್ನು ಅದ್ದಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಅಂಟಿಕೊಳ್ಳುತ್ತದೆ. ಅದು ಆಮ್ಲಜನಕವನ್ನು ತಡೆಯುವುದಲ್ಲದೆ, ಎಣ್ಣೆ ಕಮಟುವುದಕ್ಕೆ ನೆರವಾಗುವ ಕಬ್ಬಿಣದ ಅಂಶವನ್ನೂ ಹಿಡಿದಿಡುತ್ತದೆ. ಮಂಜು ಬಿಡಿಸಿದ ಮೇಲೆ ಸೂಕ್ಷ್ಮಜೀವಿಗಳ ಹಾವಳಿಯೂ ಸ್ವಲ್ಪ ತಡವಾಗುತ್ತದೆ.

ಆದರೂ ಹಳಸಿದ ಮೀನನ್ನು ಯಾವ ಕವಚವೂ ತಾಜಾ ಮಾಡಲಾರದು. ದೋಣಿಯಲ್ಲಿ ಐಸು ಕಾಣದ ಮೀನಿಗೆ ಕಾರ್ಖಾನೆಯಲ್ಲಿ ಪೊರೆ ಹಚ್ಚುವುದು ವ್ಯರ್ಥ. ಸಿಗಡಿ, ಏಡಿ ತಿಂದರೆ ಮೈಮೇಲೆ ದದ್ದೇಳುವವರು ಇಂಥ ಹೊದಿಕೆಯ ಮೀನು ಕೊಳ್ಳುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ಚಿಪ್ಪಿನ ಸಸಾರಜನಕ ಪೂರ್ತಿಯಾಗಿ ಹೋಗಿದೆಯೇ ಎಂಬುದು ತಯಾರಿಕೆಯ ಶುದ್ಧಿಯನ್ನು ಅವಲಂಬಿಸಿದೆ. ಮನೆಯ ಫ್ರೀಜರಿನಲ್ಲಿ ಮೀನಿಡುವವರಿಗೆ ಮಂಜಿನ ಅಂಗಿಯೇ ಸಾಕು: ಗಟ್ಟಿಯಾದ ತುಂಡುಗಳನ್ನು ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದು, ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿಡಿ.